ಆರು ವರ್ಷ, 17 ಸಾವಿರ ಕಿ.ಮೀ.: ಘಟ್ಟ ಹತ್ತಿ ಇಳಿದ ನನ್ನ ಟೂರಿಂಗ್ ಸೈಕಲ್

ಕಂಪನಿಯ ಹೆಸರು ಬರೆಯುವುದಿಲ್ಲ. ಈ ಮಾಡೆಲ್ ಈಗ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಆದರೆ ಸ್ಟೀಲ್ ಫ್ರೇಮು, ಕೆಳಕ್ಕೆ ಬಾಗಿದ ಹ್ಯಾಂಡಲ್, 38 ಮಿ.ಮೀ. ಟೈರು, ಹಿಂದೆ ಮುಂದೆ ಚೀಲ ಕಟ್ಟುವ ಜಾಗ ಇರುವ ಸೈಕಲ್‌ಗಳೆಲ್ಲ ಹೆಚ್ಚೂಕಡಿಮೆ ಒಂದೇ ಜಾತಿ. ಒಂದರ ರೋಗ ಇನ್ನೊಂದಕ್ಕೂ ಇರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಜಮಖಂಡಿ ಕಡೆಯವನು, ಇರುವುದು ಪುಣೆಯ ಕೋಥ್ರೂಡ್‌ನಲ್ಲಿ. 2018ರ ದೀಪಾವಳಿಗೆ 52 ಸಾವಿರ ಕೊಟ್ಟು ಇದನ್ನು ತಂದೆ. ಸುದ್ದಿ ಕೇಳಿ ಅವ್ವ ಫೋನಿನಲ್ಲಿ ಅಂದದ್ದು ಇಷ್ಟೇ: "ಅಷ್ಟು ರೊಕ್ಕಕ್ಕ ಒಂದು ಎಮ್ಮಿ ಬರ್ತಿತ್ತಲ್ಲೋ."

ಮೊದಲ ಭಾನುವಾರವೇ ಅವ್ವನ ಮಾತು ನಿಜ ಅನ್ನಿಸಿತು. ಪುಣೆಯಲ್ಲಿ ಹೊಸ ಸೈಕಲ್ ತಂದವರೆಲ್ಲ ಪರೀಕ್ಷೆ ಮಾಡುವುದು ಊರ ಹತ್ತಿರದ ಸಿಂಹಗಡ ಕೋಟೆಯ ಮೇಲೆ. ಡೋಣಜೆಯಿಂದ ಮೇಲಕ್ಕೆ ದಾರಿ ದೊಡ್ಡದಲ್ಲ, ಆದರೆ ನಡುವೆ ಕೆಲವು ತಿರುವು ಗೋಡೆ ಇದ್ದ ಹಾಗೆ ಎದ್ದು ನಿಲ್ಲುತ್ತವೆ. ಎರಡು ಕಡೆ ಇಳಿದು ತಳ್ಳಿದೆ. ಮಂಡಿ ಎರಡು ದಿನ ನೋಯಿತು. ಮೇಲೆ ಹೋಗಿ ಪಿಠಲಾ-ಭಾಕರಿ (ನಮ್ಮ ಝುಣಕ-ರೊಟ್ಟಿಯ ದಾಯಾದಿ ಅನ್ನಿ), ಮಡಕೆ ಮೊಸರು ತಿನ್ನುತ್ತಾ ಕೂತಾಗ ಹೊಳೆದದ್ದು, ತಪ್ಪು ಕಾಲಿನದಲ್ಲ, ಗೇರಿನದು ಅಂತ.

ಲೆಕ್ಕ ಸುಲಭ. ಕಂಪನಿಯವರು ಮುಂದೆ 50-39-30 ಹಲ್ಲಿನ ಮೂರು ಚಕ್ರ ಕೊಟ್ಟಿದ್ದರು, ಹಿಂದೆ 11ರಿಂದ 34. ಅತಿ ಹಗುರ ಗೇರಿನಲ್ಲಿ, ಅಂದರೆ 30ಕ್ಕೆ 34, ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 1.9 ಮೀಟರ್ ಮುಂದೆ ಹೋಗುತ್ತದೆ. ಖಾಲಿ ಸೈಕಲ್‌ಗೆ ಪರವಾಗಿಲ್ಲ. ಹದಿನೆಂಟು ಕಿಲೋ ಸಾಮಾನು ಕಟ್ಟಿ ಘಟ್ಟ ಹತ್ತಿ ನೋಡಿ, ಗೊತ್ತಾಗುತ್ತದೆ. ನಾನು ಮುಂದಿನ ಸೆಟ್ಟನ್ನೇ ತೆಗೆಸಿ, ಮೌಂಟನ್ ಬೈಕಿನ 44-32-22 ಹಾಕಿಸಿದೆ. ಮೂರು ಸಾವಿರದ ಚಿಲ್ಲರೆ ಖರ್ಚಾಯಿತು. ಈಗ ಒಂದು ಸುತ್ತಿಗೆ 1.4 ಮೀಟರ್. ನಿಮಿಷಕ್ಕೆ ಐವತ್ತು ಸುತ್ತು ತುಳಿದರೆ ಗಂಟೆಗೆ ನಾಲ್ಕು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ನಡೆಯುವವನ ವೇಗ! ನಗಬೇಡಿ. ಆ ವೇಗದಲ್ಲಿ ದಿನವಿಡೀ ಹತ್ತಬಹುದು, ಮಂಡಿ ಮಾತಾಡುವುದಿಲ್ಲ. ಇಳಿಜಾರಿನಲ್ಲಿ ಜೋರಾಗಿ ತುಳಿಯಲು ದೊಡ್ಡ ಗೇರ್ ಇಲ್ಲ ಅಂತ ಗೆಳೆಯರು ರೇಗಿಸುತ್ತಾರೆ. ಇಳಿಜಾರಿನಲ್ಲಿ ತುಳಿಯುವವರು ಯಾರು ಮಾರಾಯರೇ?

ಈ ಸೈಕಲ್ ಬಗ್ಗೆ ನಾನು ಹೇಳುವುದು ಏನಾದರೂ ಇದ್ದರೆ ಮೊದಲನೆಯದು ಇದೇ. ತೂಕ, ಬಣ್ಣ, ಬ್ರ್ಯಾಂಡ್ ಆಮೇಲೆ. ಅತಿ ಸಣ್ಣ ಗೇರ್ ಎಷ್ಟು ಸಣ್ಣದು ಅಂತ ಅಂಗಡಿಯಲ್ಲೇ ಹಲ್ಲು ಎಣಿಸಿ. ಮುಂದಿನ ಅತಿ ಸಣ್ಣ ಚಕ್ರದ ಹಲ್ಲು ಹಿಂದಿನ ಅತಿ ದೊಡ್ಡದರ ಹಲ್ಲಿಗಿಂತ ಚೆನ್ನಾಗಿ ಕಡಿಮೆ ಇರಬೇಕು.

ಸಹ್ಯಾದ್ರಿಯಲ್ಲಿ ಇದು ಓಡಿದ್ದೇ ಜಾಸ್ತಿ. ತಾಮ್ಹಿಣಿ ಘಟ್ಟ ಎಷ್ಟು ಸಲ ಅಂತ ಲೆಕ್ಕವಿಲ್ಲ. ಪಿರಂಗುಟ್, ಪೌಡ್, ಮುಳಶಿಯ ಹಿನ್ನೀರು, ಆಮೇಲೆ ಕೊಂಕಣಕ್ಕೆ ಜಾರುವ ಕಾಡು. ಪೋಲಾದಪುರದಿಂದ ಮಹಾಬಳೇಶ್ವರಕ್ಕೆ ಅಂಬೇನಳಿ ಘಟ್ಟ ಎರಡು ಸಲ ಹತ್ತಿದ್ದೇನೆ. ಸುಮಾರು 40 ಕಿ.ಮೀ. ದಾರಿಯಲ್ಲಿ 1,300 ಮೀಟರ್ ಏರು. ಮೇಲೆ ಪಂಚಗಂಗಾ ದೇವಸ್ಥಾನದಲ್ಲಿ ಕಲ್ಲಿನ ಗೋಮುಖದಿಂದ ಬೆರಳು ಗಾತ್ರ ಬೀಳುವ ನೀರೇ ಕೃಷ್ಣೆ ಅಂದಾಗ, ಜಮಖಂಡಿಯವನಿಗೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಊರ ಕಡೆ ಅವಳು ಮನೆ ನುಂಗುವ ಹೊಳೆ.

ವರಂಧಾ ಘಟ್ಟದಲ್ಲಿ ಒಂದು ಪಾಠ ಕಲಿತೆ. ಭೋರ್ ದಾಟಿ, ನೀರಾ ದೇವಘರ್ ಹಿನ್ನೀರಿನ ಪಕ್ಕದಲ್ಲಿ ಹೋಗಿ, ಮಹಾಡ್ ಕಡೆಗೆ ಇಳಿಯುವ ದಾರಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಮುಚ್ಚುವುದೂ ಉಂಟು, ಹೊರಡುವ ಮುಂಚೆ ಭೋರ್‌ನಲ್ಲಿ ವಿಚಾರಿಸಿ. ಅವತ್ತು ತೆರೆದಿತ್ತು, ಮಳೆ ಮಾತ್ರ ಬಿಡದೆ ಹೊಡೆಯುತ್ತಿತ್ತು. ಅರ್ಧ ಇಳಿಯುವಷ್ಟರಲ್ಲಿ ಹಿಂದಿನ ಬ್ರೇಕ್ ಲಿವರ್ ಹ್ಯಾಂಡಲ್‌ಗೇ ತಾಗಿತು. ನಿಲ್ಲಿಸಿ ನೋಡಿದರೆ ಡಿಸ್ಕ್ ಪ್ಯಾಡ್ ಸವೆದು ತಗಡು ಉಳಿದಿತ್ತು. ಹೊಸ ಪ್ಯಾಡು ಅದು, ಹಾಕಿ ಒಂದು ತಿಂಗಳೂ ಆಗಿರಲಿಲ್ಲ. ಕಂಪನಿ ಕೊಡುವುದು ರೆಸಿನ್ ಪ್ಯಾಡ್. ಒಣ ದಾರಿಗೆ ಮೆತ್ತಗೆ ಹಿಡಿಯುತ್ತದೆ, ಮಳೆ ಮತ್ತು ಕೆಸರಿನಲ್ಲಿ ಸೀಮೆಸುಣ್ಣದ ಹಾಗೆ ಕರಗುತ್ತದೆ. ಅಲ್ಲಿಂದ ಮುಂದೆ ಲೋಹದ ಪ್ಯಾಡ್ ಬಳಸುತ್ತಿದ್ದೇನೆ. ಒದ್ದೆಯಾದರೆ ಕಿರುಚುತ್ತದೆ, ಆದರೆ ಬಾಳುತ್ತದೆ. ಒಂದು ಜೊತೆ ಯಾವಾಗಲೂ ಟೂಲ್ ಚೀಲದಲ್ಲಿ.

ಈಗ ನಿಜವಾದ ಕತೆ. 2019ರ ಸೆಪ್ಟೆಂಬರ್‌ನಲ್ಲಿ ಮನಾಲಿಯಿಂದ ಲೇಹ್‌ಗೆ ಹೋದೆವು, ನಾನು ಮತ್ತು ಆಫೀಸಿನ ಗೆಳೆಯ. ರೋಹ್ತಾಂಗ್ ಘಟ್ಟದ ಅಡಿಯಲ್ಲಿ ಹೋಗುವ ಅಟಲ್ ಸುರಂಗ ಇನ್ನೂ ತೆರೆದಿರಲಿಲ್ಲ, ಅದು ಶುರುವಾದದ್ದು ಮರು ವರ್ಷ. ಹಾಗಾಗಿ ಮೊದಲೇ 3,978 ಮೀಟರ್ ಎತ್ತರದ ರೋಹ್ತಾಂಗ್. ಅಲ್ಲಿಂದ ಚಂದ್ರಾ ನದಿಯ ಜೊತೆ ಕೆಳಕ್ಕೆ, ತಾಂಡಿಯಲ್ಲಿ ಭಾಗಾ ನದಿ ಬಂದು ಸೇರುತ್ತದೆ. ಎರಡೂ ಕೂಡಿ ಚಂದ್ರಭಾಗಾ, ಮುಂದೆ ಚಿನಾಬ್. ನಮಗೆ ಚಂದ್ರಭಾಗಾ ಅಂದರೆ ಪಂಢರಪುರ. ಅವ್ವನಿಗೆ ಅಲ್ಲಿಂದ ಫೋನ್ ಮಾಡಿ "ಚಂದ್ರಭಾಗಾ ದಂಡೀ ಮ್ಯಾಲ ಅದೀನಿ" ಅಂದೆ. ಅವಳು ವಿಠ್ಠಲನ ದರ್ಶನ ಆಯಿತೇನು ಅಂತ ಕೇಳಿದಳು.

ತಾಂಡಿಯಿಂದ ಭಾಗಾ ಕಣಿವೆಯಲ್ಲಿ ಕೇಲಾಂಗ್, ಜಿಸ್ಪಾ, ದಾರ್ಚಾ, ಆಮೇಲೆ 4,900 ಮೀಟರ್ ಹತ್ತಿರದ ಬಾರಾಲಾಚಾ ಘಟ್ಟ. ಹಿಮಾಲಯದ ಘಟ್ಟ ನಮ್ಮ ಸಹ್ಯಾದ್ರಿಗಿಂತ ಮೆತ್ತಗಿದೆ, ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಭಾರದ ಲಾರಿ ಹತ್ತಬೇಕಾದ ರಸ್ತೆ, ಏರು ನಿಧಾನ. ಉಸಿರು ಮಾತ್ರ ಸಿಗುವುದಿಲ್ಲ. ಐದು ಸಾವಿರ ಮೀಟರ್ ದಾಟಿದರೆ ಗಾಳಿಯ ಒತ್ತಡ ಸಮುದ್ರದಂಡೆಯ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಿಂಹಗಡದಲ್ಲಿ ಕಾಲು ಸೋಲುತ್ತದೆ, ಇಲ್ಲಿ ಎದೆ. 22ಕ್ಕೆ 34ರ ಗೇರಿಗೆ ನಾನು ಕೈಮುಗಿದದ್ದು ಇಲ್ಲೇ. ನಾವು ಮಾಡಿದ ಒಂದೇ ಜಾಣತನ ಅಂದರೆ ಅವಸರ ಮಾಡಲಿಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ ಐನೂರು ಮೀಟರ್‌ಗಿಂತ ಜಾಸ್ತಿ ಏರದ ಹಾಗೆ ನೋಡಿಕೊಂಡೆವು. ಸಾಧ್ಯವಾಗದ ಕಡೆ ಒಂದು ದಿನ ಸುಮ್ನೆ ಕೂತೆವು.

ಸರ್ಚು ದಾಟಿ ಗಾಟಾ ಲೂಪ್ಸ್. ಒಂದರ ಮೇಲೊಂದು 21 ಹಿಮ್ಮುರಿ ತಿರುವು. ಒಂಬತ್ತನೆಯದರಲ್ಲಿ ಹಿಂದಿನಿಂದ "ಟಣ್" ಅಂತ ಸದ್ದು. ಗಾಲಿ ಅಡ್ಡಾದಿಡ್ಡಿ ಓಲಾಡತೊಡಗಿತು. ಹಿಂದಿನ ಗಾಲಿಯ ಬಲಗಡೆಯ ಕಡ್ಡಿ (ಸ್ಪೋಕ್) ಮುರಿದಿತ್ತು, ಗಾಲಿಯ ನಡುವಿನ ಹಬ್ಬಿನ ತೂತಿನ ಹತ್ತಿರ ಬಾಗುವ ಜಾಗದಲ್ಲಿ. ನನ್ನ ಬಳಿ ನಾಲ್ಕು ಹೊಸ ಕಡ್ಡಿ ಇದ್ದವು. ಆದರೆ ಬಲಗಡೆಯ ಕಡ್ಡಿ ಹಾಕಬೇಕಾದರೆ ಮೊದಲು ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು ಬಿಚ್ಚಬೇಕು, ಅದನ್ನು ಬಿಚ್ಚುವ ಪಾನಾ ಕೋಥ್ರೂಡ್‌ನ ಮನೆಯ ಕಪಾಟಿನಲ್ಲಿ ಆರಾಮಾಗಿ ಮಲಗಿತ್ತು. ಪುಣ್ಯಕ್ಕೆ ಗೆಳೆಯ ಕೆವ್ಲಾರ್ ಅನ್ನುವ ಗಟ್ಟಿ ದಾರದ ತಾತ್ಕಾಲಿಕ ಕಡ್ಡಿ ತಂದಿದ್ದ. ತೂತಿನಲ್ಲಿ ಪೋಣಿಸಿ ಎಳೆದು ಕಟ್ಟಿದರೆ ಸಾಕು, ಕ್ಯಾಸೆಟ್ ಮುಟ್ಟಬೇಕಾಗಿಲ್ಲ. ಕೈಗವಸು ತೆಗೆದು ಅರ್ಧ ಗಂಟೆ ಆ ದಾರದ ಜೊತೆ ಗುದ್ದಾಡಿದೆ. ಡಿಸ್ಕ್ ಬ್ರೇಕ್ ಇದ್ದದ್ದಕ್ಕೆ ಬಚಾವ್. ಗಾಲಿ ಓಲಾಡಿದರೂ ಬ್ರೇಕಿಗೆ ತಾಗುವುದಿಲ್ಲ.

ಮೋರೆ ಬಯಲಿನಲ್ಲಿ ಇನ್ನೊಂದು ಹೋಯಿತು. ಸಮತಟ್ಟಾದ ರಸ್ತೆ, ಆದರೂ ಹೋಯಿತು! ಅದೇ ಗಾಲಿಯಲ್ಲಿ 5,300 ಮೀಟರ್ ಮೀರಿದ ತಂಗ್‌ಲಾಂಗ್ ಲಾ ಹತ್ತಿ, ರುಮ್ಸೆ ಕಡೆ ಇಳಿದು, ಉಪ್ಶಿಯಲ್ಲಿ ಸಿಂಧೂ ನದಿ ಹಿಡಿದು ಲೇಹ್ ಮುಟ್ಟಿದೆ. ಇಳಿಜಾರಿನಲ್ಲಿ ಪ್ರತಿ ಗುಂಡಿಗೂ ಜೀವ ಕೈಯಲ್ಲಿ.

ಪುಣೆಗೆ ಬಂದು ಕಂಪನಿಗೆ ಬರೆದೆ. ಸಾಮಾನು ಜಾಸ್ತಿ ಹೇರಿದ್ದೀರಿ ಅಂತ ಉತ್ತರ ಬಂತು. ಟೂರಿಂಗ್ ಸೈಕಲ್‌ಗೆ ಸಾಮಾನು ಹೇರದೆ ಇನ್ನೇನು, ಹೂವಿನ ಹಾರ ಹಾಕಬೇಕಾ?

ಉತ್ತರ ಸಿಕ್ಕಿದ್ದು ನಾನಾ ಪೇಠ್ ಕಡೆಯ ಒಂದು ಸಣ್ಣ ಅಂಗಡಿಯಲ್ಲಿ. ಯಜಮಾನರು ಅಕ್ಕಲಕೋಟೆ ಕಡೆಯವರು, ನನ್ನ ಮರಾಠಿ ಕೇಳಿದ ಎರಡನೇ ನಿಮಿಷಕ್ಕೇ ಕನ್ನಡಕ್ಕೆ ತಿರುಗಿದರು. ಗಾಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಿವಿ ಬಗ್ಗಿಸಿ, ಉಗುರಿನಿಂದ ಒಂದೊಂದೇ ಕಡ್ಡಿ ಮೀಟುತ್ತಾ ಹೋದರು. ಟಿಣ್, ಟಿಣ್, ಟಪ್. ಟಿಣ್, ಟಪ್. "ಕೇಳ್ರಿ ಸಾಹೇಬ್ರ, ಒಂದಕ್ಕೊಂದು ಸುರ ಕೂಡಂಗಿಲ್ಲ. ಮಷಿನ್ ಕಟ್ಟಿದ ಗಾಲಿರೀ ಇದು." ಗದಗಿನ ಭೀಮಸೇನ ಜೋಶಿಯವರು ನೆಲೆಸಿದ್ದ ಊರಲ್ಲವೇ, ಸೈಕಲ್ ಅಂಗಡಿಯಲ್ಲೂ ಶ್ರುತಿ ನೋಡುತ್ತಾರೆ ಅಂದುಕೊಂಡೆ.

ಅವರು ವಿವರಿಸಿದ್ದು ಹೀಗೆ. ಕಡ್ಡಿ ಮುರಿಯುವುದು ಒಂದೇ ಏಟಿಗೆ ಅಲ್ಲ. ಗಾಲಿ ತಿರುಗಿದಂತೆ ಪ್ರತಿ ಕಡ್ಡಿ ನೆಲದ ಕಡೆ ಬಂದಾಗ ಸಡಿಲ, ಮೇಲೆ ಹೋದಾಗ ಬಿಗಿ. ಮೊದಲೇ ಸಡಿಲ ಇದ್ದ ಕಡ್ಡಿ ಆ ಬಾಗಿದ ಜಾಗದಲ್ಲಿ ಲಕ್ಷಾಂತರ ಸಲ ಅಲುಗಾಡಿ ದಣಿಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಹಿಂದಿನ ಗಾಲಿಯಲ್ಲಿ ಕ್ಯಾಸೆಟ್‌ಗೆ ಜಾಗ ಬಿಡಬೇಕಾದ್ದರಿಂದ ಎರಡು ಕಡೆಯ ಬಿಗಿ ಮೊದಲೇ ಸಮ ಇರುವುದಿಲ್ಲ, ಹೊರೆಯೂ ಅಲ್ಲೇ ಜಾಸ್ತಿ. 32 ಕಡ್ಡಿಯ ಗಾಲಿ ತೆಗೆದು 36 ಕಡ್ಡಿಯದು ಕೈಯಲ್ಲೇ ಕಟ್ಟಿಕೊಟ್ಟರು. ಹಬ್ಬು, ರಿಮ್ಮು, ಕೂಲಿ ಸೇರಿ ಒಂಬತ್ತು ಸಾವಿರ. ಅಲ್ಲಿಂದ ಇಲ್ಲಿಯ ತನಕ 12 ಸಾವಿರ ಕಿ.ಮೀ. ಓಡಿದೆ. ಒಂದೂ ಕಡ್ಡಿ ಮುರಿದಿಲ್ಲ. 2022ರಲ್ಲಿ ಗ್ರಾಂಫೂನಿಂದ ಛತ್ರು, ಬಾತಲ್, ಕುಂಜುಮ್ ಘಟ್ಟ ದಾಟಿ ಸ್ಪಿತಿ ಕಣಿವೆಗೆ ಇದೇ ಗಾಲಿಯಲ್ಲಿ ಹೋದೆ. ಅದನ್ನು ರಸ್ತೆ ಅನ್ನುವುದು ಕಷ್ಟ, ಕಲ್ಲಿನ ರಾಶಿ ಅನ್ನಿ. ಆ ದಾರಿಗೆ ಹೋಗುವವರು ಹಳ್ಳಗಳನ್ನು ಬೆಳಿಗ್ಗೆಯೇ ದಾಟಿ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗುವ ನೀರು ಮಧ್ಯಾಹ್ನ ಮಂಡಿಗೆ ಬರುತ್ತದೆ. ನಾನು ಒಂದು ಕಡೆ ಚಹಾ ಕುಡಿಯುತ್ತಾ ತಡ ಮಾಡಿ, ಹಬ್ಬಿನೊಳಗೆ ನೀರು ಹೊಗಿಸಿಕೊಂಡೆ. ಕಾಜಾದಲ್ಲಿ ಬಿಚ್ಚಿ ಗ್ರೀಸ್ ಹಾಕುವ ತನಕ ಗರ ಗರ ಅನ್ನುತ್ತಿತ್ತು.

ಉಳಿದದ್ದು ಬೇಗ ಹೇಳುತ್ತೇನೆ. ಫ್ರೇಮಿಗೆ ಏನೂ ಆಗಿಲ್ಲ, ಬಣ್ಣ ಹೋದ ಕಡೆ ತುಕ್ಕು ಬರುತ್ತದೆ, ಕೊಂಕಣದ ಗಾಳಿಗೆ ಇನ್ನೂ ಬೇಗ. ಜೊತೆಗೆ ಬಂದ ಅಲ್ಯೂಮಿನಿಯಂ ಕ್ಯಾರಿಯರ್ ಎರಡನೇ ವರ್ಷ ಮುಳಶಿ ಹತ್ತಿರ ಮುರಿಯಿತು. ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಅದಕ್ಕೆ ಬೆಸುಗೆ ಆಗಲಿಲ್ಲ. ಈಗ ಇರುವುದು ಸ್ಟೀಲ್, ತೂಕ ಜಾಸ್ತಿ, ಚಿಂತೆ ಕಡಿಮೆ. ಸಾಮಾನನ್ನೆಲ್ಲ ಹಿಂದೆಯೇ ಕಟ್ಟಬೇಡಿ, ಸ್ವಲ್ಪ ಮುಂದಿನ ಫೋರ್ಕಿಗೂ ಹಾಕಿ. ನಾಲ್ಕು ಕಿ.ಮೀ. ವೇಗದಲ್ಲಿ ಹ್ಯಾಂಡಲ್ ತಡಬಡಿಸುವುದು ನಿಲ್ಲುತ್ತದೆ. ಚೈನಿಗೆ ಒಂದು ಅಡಿಪಟ್ಟಿ ಸಾಕು. ಹೊಸ ಚೈನಿನ 24 ಕೊಂಡಿಗಳ ಉದ್ದ ಸರಿಯಾಗಿ 12 ಇಂಚು. ಇಂಚಿನ ಹದಿನಾರರಲ್ಲಿ ಒಂದು ಪಾಲು ಜಾಸ್ತಿ ಬಂದರೆ ಬದಲಿಸಿ, ಇಲ್ಲದಿದ್ದರೆ ಕ್ಯಾಸೆಟ್ಟನ್ನೂ ತಿನ್ನುತ್ತದೆ. ನಾನು ಐದನೇ ಚೈನಿನಲ್ಲಿದ್ದೇನೆ, ಎರಡನೇ ಕ್ಯಾಸೆಟ್.

ಕೊಳ್ಳಬಹುದಾ ಅಂತ ಆಫೀಸಿನಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಭಾನುವಾರ ಬೆಳಿಗ್ಗೆ ಲವಾಸಾ ತನಕ ಹೋಗಿ ಬರುವವರಿಗೆ ಬೇಡ, ಹಗುರದ್ದು ತೊಗೊಳ್ಳಿ. ನಾಲ್ಕು ದಿನ ಬಟ್ಟೆ ಕಟ್ಟಿಕೊಂಡು ಹೊರಡುವವರು ತೊಗೊಳ್ಳಿ, ಆದರೆ ಗೇರಿಗೂ ಹಿಂದಿನ ಗಾಲಿಗೂ ಇನ್ನೊಂದು ಹನ್ನೆರಡು ಸಾವಿರ ಮೊದಲೇ ಎತ್ತಿಡಿ. ಅದನ್ನು ಮಾಡದೆ ಘಟ್ಟ ಹತ್ತಬೇಡಿ. ಐದಕ್ಕೆ ಮೂರೂವರೆ ಅಂಕ. ಆ ಎರಡು ಬದಲಾವಣೆ ಆದ ಮೇಲೆ ನಾಲ್ಕೂವರೆ.

ಈ ಡಿಸೆಂಬರ್‌ನಲ್ಲಿ ಮಹಾಬಳೇಶ್ವರದಿಂದ ಕೃಷ್ಣೆಯ ಜೊತೆ ಇಳಿಯುತ್ತಾ ವಾಯಿ, ಕರಾಡ್, ಸಾಂಗ್ಲಿ, ನರಸೋಬಾ ವಾಡಿ ಮೇಲೆ ಊರಿಗೆ ಹೋಗುವ ಯೋಚನೆ ಇದೆ. ಪೆಡಲಿನ ಬುಡದಲ್ಲಿ ಬೇರಿಂಗ್ ಕಟ್ ಕಟ್ ಅನ್ನುತ್ತಿದೆ, ಅದಕ್ಕೆ ಶನಿವಾರ ನಾನಾ ಪೇಠ್‌ಗೆ ಹೋಗಬೇಕು. ಅವ್ವನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಬಸ್ಸಿನ ಟೈಮ್ ಹೇಳುತ್ತಾಳೆ.