ಬಾಡಿಗೆಯ ಎಂಟು ತಿಂಗಳು, ಸ್ವಂತದ ಎರಡು ವರ್ಷ: ಹುಬ್ಬಳ್ಳಿ–ಧಾರವಾಡ ಓಡಾಟಕ್ಕೆ ವಿದ್ಯುತ್ ಸ್ಕೂಟರ್

ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿ, ನನ್ನ ಕೆಲಸ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಹೋಗಿ ಬರಲು ದಿನಕ್ಕೆ ಸುಮಾರು 36 ಕಿಲೋಮೀಟರ್, ತಿಂಗಳಿಗೆ ಹತ್ತಿರ ಹತ್ತಿರ 900 ಆಗುತ್ತದೆ. 2023ರ ಜೂನ್‌ನಲ್ಲಿ ಮಾಸಿಕ ಬಾಡಿಗೆಯ ಮೇಲೆ ಒಂದು ವಿದ್ಯುತ್ ಸ್ಕೂಟರ್ ಪಡೆದು ಎಂಟು ತಿಂಗಳು ಓಡಿಸಿದೆ. 2024ರ ಫೆಬ್ರುವರಿಯಲ್ಲಿ ಅದನ್ನು ಮರಳಿಸಿ, 3 ಕಿಲೋವ್ಯಾಟ್ ಗಂಟೆ ಬ್ಯಾಟರಿಯ ಗಾಡಿಯೊಂದನ್ನು ಸ್ವಂತಕ್ಕೆ ಕೊಂಡೆ. ಈಗ ಅದರ ಮೀಟರು 21 ಸಾವಿರ ಕಿಲೋಮೀಟರ್ ದಾಟಿದೆ.

ಬಾಡಿಗೆ ತಿಂಗಳಿಗೆ 4,800 ರೂಪಾಯಿ ಇತ್ತು, ಠೇವಣಿ 5,000. ವಿಮೆ ಮತ್ತು ಸರ್ವಿಸ್ ಅದರಲ್ಲೇ ಸೇರಿದ್ದವು. ಗಾಡಿ ನನ್ನ ದಾರಿಗೆ ಹೊಂದುತ್ತದೆಯೋ ಇಲ್ಲವೋ ಎಂಬ ಅನುಮಾನವನ್ನು ಈ ವ್ಯವಸ್ಥೆ ಮೂರೇ ತಿಂಗಳಲ್ಲಿ ಪರಿಹರಿಸಿತು, ಅದಕ್ಕೆ ನಾನು ಇಂದಿಗೂ ಋಣಿ. ಆದರೆ ಆಗಸ್ಟ್‌ನ ಮಳೆಯಲ್ಲಿ ಗಾಡಿ ಕೆಟ್ಟು ನಿಂತಾಗ ಬದಲಿ ಗಾಡಿ ಬರಲು ಒಂಬತ್ತು ದಿನ ಹಿಡಿಯಿತು, ಆ ಒಂಬತ್ತು ದಿನಗಳ ಬಾಡಿಗೆಯನ್ನೂ ಕಂಪನಿಯವರು ಬಿಡಲಿಲ್ಲ. ಮರಳಿಸುವಾಗ, ಮೊದಲ ದಿನದಿಂದಲೇ ಇದ್ದ ಎರಡು ಗೀರುಗಳಿಗೆ ಠೇವಣಿಯಲ್ಲಿ 1,200 ರೂಪಾಯಿ ಮುರಿದುಕೊಂಡರು. ಪಡೆದ ದಿನವೇ ನಾಲ್ಕೂ ಬದಿಯಿಂದ ಫೋಟೋ ತೆಗೆದಿಟ್ಟುಕೊಂಡಿದ್ದರೆ ಆ ಹಣ ಉಳಿಯುತ್ತಿತ್ತು.

ಎಂಟು ತಿಂಗಳಲ್ಲಿ ಬಾಡಿಗೆಗೆಂದೇ 38,400 ರೂಪಾಯಿ ಹೋಗಿತ್ತು. ಕೊಂಡ ಗಾಡಿಯ ಆನ್‌ರೋಡ್ ಬೆಲೆ 1,32,000. ಕೈಯಿಂದ 32 ಸಾವಿರ ಕಟ್ಟಿ, ಉಳಿದ ಒಂದು ಲಕ್ಷಕ್ಕೆ ಮೂರು ವರ್ಷದ ಸಾಲ ಮಾಡಿದ್ದರಿಂದ ಕಂತು ತಿಂಗಳಿಗೆ ಸುಮಾರು 3,300 ಬಿತ್ತು. ಕೇಂದ್ರದ ಫೇಮ್-2 ಯೋಜನೆ ಆ ಮಾರ್ಚ್ ಕೊನೆಗೆ ಮುಗಿಯಲಿತ್ತು. ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಗಂಟೆಗೆ 10,000 ರೂಪಾಯಿಯ ಲೆಕ್ಕದಲ್ಲಿದ್ದ ಅದರ ಸಹಾಯಧನ ಕೈತಪ್ಪಬಾರದೆಂದೇ ನಾನು ಅವಸರ ಮಾಡಿದೆ. ಮುಂದೆ ಬಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಅದು 5,000ಕ್ಕೆ, 2025ರ ಏಪ್ರಿಲ್‌ನಿಂದ 2,500ಕ್ಕೆ ಇಳಿಯಿತು.

ಬಾಡಿಗೆಯದಾಗಲಿ ಸ್ವಂತದ್ದಾಗಲಿ, ಚಾರ್ಜ್ ಮಾಡುವುದು ನಮ್ಮ ಮನೆಯಲ್ಲೇ. ಇದನ್ನು ನಾನು ಮೊದಲು ಹಗುರವಾಗಿ ತೆಗೆದುಕೊಂಡಿದ್ದೆ. ನಮ್ಮದು ಹಳೆಯ ಮನೆ. ಪಡಸಾಲೆಯ ಸಾಕೆಟ್ಟಿನಿಂದ ಎಕ್ಸ್‌ಟೆನ್ಶನ್ ವಯರ್ ಎಳೆದು ಚಾರ್ಜ್ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಪ್ಲಗ್ ಕೀಳುವಾಗ ಬೆರಳಿಗೆ ಬಿಸಿ ತಾಗಿತು. ನೋಡಿದರೆ ಸಾಕೆಟ್ಟಿನ ಬಿಳಿ ಪ್ಲಾಸ್ಟಿಕ್ ಒಂದು ತೂತಿನ ಸುತ್ತ ಕಂದುಬಣ್ಣಕ್ಕೆ ತಿರುಗಿ, ಸ್ವಲ್ಪ ಕರಗಿ ಒಳಗೆ ಜಗ್ಗಿತ್ತು. ಅಂದೇ ಇಲೆಕ್ಟ್ರಿಷಿಯನ್‌ನನ್ನು ಕರೆಸಿ, ಮೀಟರ್ ಬೋರ್ಡಿನಿಂದ ಪ್ರತ್ಯೇಕ ವಯರ್ ಎಳೆಸಿ, 15 ಆಂಪಿಯರ್ ಸಾಕೆಟ್ ಮತ್ತು ಹೊಸ ಅರ್ಥಿಂಗ್ ಹಾಕಿಸಿದೆ. ಗಾಡಿ ಮನೆಗೆ ಬರುವ ಮುನ್ನವೇ ಈ ಕೆಲಸ ಮುಗಿಸಿರಬೇಕು.

ಗೃಹಜ್ಯೋತಿಯ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳುವುದು ಒಳಿತು. 2022–23ರ ಸರಾಸರಿ ಬಳಕೆಗೆ ಶೇಕಡಾ ಹತ್ತನ್ನು ಸೇರಿಸಿದಷ್ಟು ಯೂನಿಟ್ ಮಾತ್ರ ಉಚಿತ. ನಮ್ಮ ಮನೆಯ ಸರಾಸರಿ 90 ಇದ್ದುದರಿಂದ ಉಚಿತ ಮಿತಿ 99 ಆಯಿತು. ಸ್ಕೂಟರ್ ತಿಂಗಳಿಗೆ ಸುಮಾರು 35 ಯೂನಿಟ್ ಎಳೆಯುತ್ತದೆ. ಸೊನ್ನೆ ಬರುತ್ತಿದ್ದ ಹೆಸ್ಕಾಂ ಬಿಲ್ ಈಗ 150ರಿಂದ 200 ರೂಪಾಯಿ ಬರುತ್ತದೆ. ಹಳೆಯ ಗಾಡಿಗೆ ಇದೇ ಓಡಾಟಕ್ಕೆ ಎರಡು ಸಾವಿರದ ಪೆಟ್ರೋಲ್ ಬೇಕಾಗುತ್ತಿದ್ದುದರಿಂದ ನನಗೆ ಇದು ಭಾರವಲ್ಲ. ಆದರೆ ಈಗಾಗಲೇ 170–180 ಯೂನಿಟ್ ಬಳಸುವ ಮನೆಯವರು ಎಚ್ಚರವಾಗಿರಬೇಕು. ಒಟ್ಟು ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ದಾರಿಯ ವಿಷಯಕ್ಕೆ ಬಂದರೆ, ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ ಎಂಬುದನ್ನು ಬಸ್ಸಿನಲ್ಲಿ ಓಡಾಡುವಾಗ ನಾನು ಗಮನಿಸಿಯೇ ಇರಲಿಲ್ಲ, ಬ್ಯಾಟರಿಯ ಅಂಕಿ ಅದನ್ನು ದಿನವೂ ತೋರಿಸುತ್ತದೆ. ಬೆಳಿಗ್ಗೆ ನವಲೂರು, ರಾಯಾಪುರ, ಉಣಕಲ್ ದಾಟಿ ವಿದ್ಯಾನಗರ ಮುಟ್ಟುವಷ್ಟರಲ್ಲಿ ಶೇಕಡಾ 18 ಖರ್ಚಾಗಿರುತ್ತದೆ. ಸಂಜೆ ಮರಳುವಾಗ ಅದೇ ದಾರಿಗೆ 21 ಬೇಕು. ಜೂನ್–ಜುಲೈಯಲ್ಲಿ ಪಡುವಣ ಗಾಳಿ ಎದುರಿಗೆ ಬೀಸುವಾಗ 24ಕ್ಕೂ ಏರಿದ್ದುಂಟು. ಗಂಟೆಗೆ 45ರ ವೇಗದಲ್ಲಿ ಸಮನಾಗಿ ಓಡಿಸಿದರೆ ಪೂರ್ಣ ಚಾರ್ಜಿಗೆ ಮೊದಲ ವರ್ಷ 96 ಕಿಲೋಮೀಟರ್ ಸಿಗುತ್ತಿತ್ತು, ಈಗ 88 ಸಿಗುತ್ತದೆ. ಸಾಮರ್ಥ್ಯ ಶೇಕಡಾ 70ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಬದಲಿಸಿಕೊಡುವ ಎಂಟು ವರ್ಷದ ವಾರಂಟಿಗೆ ನಾನು ಹೆಚ್ಚಿನ ಹಣ ಕಟ್ಟಿದ್ದೇನೆ, ಆ ಹಣ ದಂಡವೆಂದು ನನಗೆ ಅನಿಸುವುದಿಲ್ಲ. ಸರ್ವಿಸ್ ಮಾತ್ರ ಇನ್ನೂ ಸುಧಾರಿಸಬೇಕು. ಒಂದು ಬ್ರೇಕ್ ಸೆನ್ಸರಿಗಾಗಿ ಹನ್ನೆರಡು ದಿನ ಕಾದಿದ್ದೇನೆ.

ಗಾಡಿ ನಮ್ಮದು, ಬ್ಯಾಟರಿಗೆ ಮಾತ್ರ ಕಿಲೋಮೀಟರ್ ಲೆಕ್ಕದ ಚಂದಾ ಎಂಬ ಹೊಸ ವ್ಯವಸ್ಥೆಯ ಬಗ್ಗೆ ಸಹೋದ್ಯೋಗಿಗಳು ಈಗ ಕೇಳುತ್ತಿದ್ದಾರೆ. 2025ರ ಜುಲೈಯಲ್ಲಿ ಬಿಡುಗಡೆಯಾದ ವಿಡಾ ವಿಎಕ್ಸ್2 ಗೋ ಗಾಡಿಗೆ ಆಗ ಬ್ಯಾಟರಿ ಸಹಿತ 99,490 ರೂಪಾಯಿ, ಬ್ಯಾಟರಿ ಚಂದಾ ಆದರೆ 59,490 ರೂಪಾಯಿ ಮತ್ತು ಕಿಲೋಮೀಟರಿಗೆ 96 ಪೈಸೆ ಎಂದಿತ್ತು. ನನ್ನ 900 ಕಿಲೋಮೀಟರಿಗೆ ತಿಂಗಳಿಗೆ 864 ರೂಪಾಯಿ ಆಗುತ್ತದೆ. ಮೊದಲು ಉಳಿಸಿದ 40 ಸಾವಿರ ನಾಲ್ಕು ವರ್ಷದೊಳಗೆ ತೀರಿ, ಆಮೇಲೂ ಕಟ್ಟುತ್ತಲೇ ಇರಬೇಕು. ಐದಾರು ವರ್ಷ ಇದೇ ದಾರಿಯಲ್ಲಿ ಓಡಾಡುವವರು ಬ್ಯಾಟರಿ ಸಹಿತ ಕೊಳ್ಳುವುದೇ ಲೇಸು.

ಸಪ್ತಾಪುರದ ಕೋಚಿಂಗ್ ಕೇಂದ್ರಗಳಿಗೆ ಆರು ತಿಂಗಳ ಮಟ್ಟಿಗೆ ಬರುವ ಹುಡುಗರಿಗೆ, ವರ್ಷದೊಳಗೆ ವರ್ಗಾವಣೆ ಆಗಬಹುದಾದ ನೌಕರರಿಗೆ ನಾನು ಮಾಸಿಕ ಬಾಡಿಗೆಯನ್ನೇ ಹೇಳುತ್ತೇನೆ. ಅವರು ಸಹಿ ಹಾಕುವ ಮೊದಲು ತಿಂಗಳ ಕಿಲೋಮೀಟರ್ ಮಿತಿ ಎಷ್ಟು, ಮೀರಿದರೆ ದರ ಎಷ್ಟು, ಗಾಡಿ ಕೆಟ್ಟು ನಿಂತ ದಿನಗಳಿಗೆ ಬಾಡಿಗೆ ಇದೆಯೇ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಲಿ. ಉಳಿದುಕೊಳ್ಳುವ ರೂಮಿನ ಮಾಲೀಕರು ಚಾರ್ಜ್ ಮಾಡಲು ಒಪ್ಪುತ್ತಾರೆಯೇ ಎಂದು ಅದಕ್ಕೂ ಮುಂಚೆ ಕೇಳಿಕೊಳ್ಳಲಿ.