ಗಣಿಕೆ ಬೀಜದ ಪೊಟ್ಟಣ: ಐದಕ್ಕೆ ನಾಲ್ಕು

ಹಕ್ಕಿಗಳಿಗೆಂದೇ ಒಂದು ಮೂಲೆ ಬಿಟ್ಟಿದ್ದೆ. ಅಲ್ಲಿಗೆ ಈ ನಾಟಿ ಗಣಿಕೆ ಬೀಜ ತರಿಸಿದೆ.

ಮೊದಲು ಬೈಗುಳ. ಪೊಟ್ಟಣದ ಮೇಲೆ 2 ಸೆಂಟಿಮೀಟರ್ ಆಳಕ್ಕೆ ಬಿತ್ತಿ ಅಂತ ಬರೆದಿದ್ದಾರೆ. ಸಾಸಿವೆಗಿಂತ ಸಣ್ಣ ಬೀಜ, ಅಷ್ಟು ಆಳದಿಂದ ಹೇಗೆ ಮೇಲೆ ಬರಬೇಕು? ಮೊದಲ ಸಲ ಒಂದೂ ಹುಟ್ಟಲಿಲ್ಲ. ಎರಡನೇ ಸಲ ಮಣ್ಣಿನ ಮೇಲೆ ಸುಮ್ನೆ ಚೆಲ್ಲಿ, ತೆಳ್ಳಗೆ ಪುಡಿಮಣ್ಣು ಉದುರಿಸಿದೆ. ಹತ್ತೇ ದಿನಕ್ಕೆ ಹಸಿರು ಕಂಡಿತು.

ಹೂವು ಸಣ್ಣದು, ಬಿಳಿ, ನಡುವೆ ಹಳದಿ ಕೊಳವೆ. ಪರಾಗ ಆ ಕೊಳವೆಗಳ ತುದಿಯ ತೂತಿನಿಂದಲೇ ಉದುರಬೇಕು. ಹೊಟ್ಟೆಗೆ ನೀಲಿ ಪಟ್ಟೆಯಿರುವ ಒಂಟಿ ಜೇನು ಹೂವನ್ನು ತಬ್ಬಿ 'ಝುಂಯ್' ಅಂತ ನಡುಗಿಸುತ್ತದೆ. ಆಗ ಪರಾಗ ಪುಸಕ್ಕನೆ ಹೊರಗೆ. ಮಾಮೂಲಿ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಬೆಳಿಗ್ಗೆ ಇದನ್ನು ನೋಡುತ್ತಾ ನಿಂತು ನನ್ನ ಕಾಫಿ ಎಷ್ಟು ಸಲ ತಣ್ಣಗಾಗಿದೆಯೋ!

ಹಣ್ಣು ಕಪ್ಪಾದ ದಿನವೇ ಪಿಕಳಾರ ಜೋಡಿ ಹಾಜರ್. ಹಸಿರು ಕಾಯಿಯಲ್ಲಿ ವಿಷವಿರುತ್ತದೆ, ಪುಟ್ಟ ಮಕ್ಕಳಿದ್ದರೆ ಬೇಲಿಯಾಚೆ ಹಾಕಿ.

ಎಲೆ ಜರಡಿಯಾಗುತ್ತದೆ. ಕಪ್ಪು ಚುಕ್ಕೆಯ ಕಂದು ದುಂಡು ಹುಳುಗಳ ಕೆಲಸ ಅದು. ನಾನು ಔಷಧಿ ಹೊಡೆಯಲಿಲ್ಲ. ಹುಳು ಬೇಡ, ಹಕ್ಕಿ ಬೇಕು ಅಂದರೆ ಹೇಗೆ, ಅಲ್ವಾ? ಆದರೆ ಪಕ್ಕದಲ್ಲಿ ಬದನೆ ಇದ್ದರೆ ಅದಕ್ಕೂ ಹತ್ತುತ್ತವೆ, ಜೋಕೆ.

ಇನ್ನೊಂದು ಪೊಟ್ಟಣ ಕೊಳ್ಳುವ ಅಗತ್ಯವೇ ಬೀಳಲಿಲ್ಲ. ಹಕ್ಕಿಗಳು ಕುಂಡ, ಚರಂಡಿ, ಗೋಡೆಯ ಬಿರುಕು ಎಲ್ಲಕ್ಕೂ ಬಿತ್ತಿವೆ.