ಮೊದಲೇ ಅಂಟಿಸಿದ ಲೋಟದ ಬ್ಲ್ಯಾಂಕ್ ಕೊಳ್ಳುವ ಮುನ್ನ ನನ್ನ ಕಥೆ ಕೇಳಿ

ಮೋಸ ಹೋದವಳು ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಂಬತ್ತು ವರ್ಷ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಮುಂದೆ ನಿಂತವಳು, ಹೊಸಬರಿಗೆ "ಕೋನ ನೋಡಿ, ಅಂಟು ನೋಡಿ, ಮರ ಒಣಗಿದೆಯೇ ನೋಡಿ" ಎಂದು ಬಾಯಿ ನೋಯುವಷ್ಟು ಹೇಳಿದವಳು, ಈ ಮೂರರಲ್ಲಿ ಒಂದನ್ನೂ ನೋಡದೆ ಹಣ ಕೊಟ್ಟೆ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಅದೇ ಮಾರಾಟಗಾರ ಇಂದಿಗೂ ಅದೇ ಸರಕನ್ನು ಮಾರುತ್ತಿದ್ದಾನೆ. ಹಾಗಾಗಿ ನಾಚಿಕೆಯನ್ನು ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ.

ಸರಕು ಯಾವುದೆಂದರೆ, ತುಂಡು ಜೋಡಿಸಿ ಮಾಡುವ ಮರದ ಲೋಟದ ಬ್ಲ್ಯಾಂಕ್, ಅಂದರೆ ಇನ್ನೂ ಕಡೆಯದ ಒರಟು ರೂಪ. ತುಂಡುಗಳನ್ನು ಬಳೆಯಾಗಿ ಅಂಟಿಸಿ, ಬಳೆಗಳನ್ನು ಒಂದರ ಮೇಲೊಂದು ಪೇರಿಸಿ, ತಳವನ್ನೂ ಕೂರಿಸಿ ಕಳುಹಿಸುತ್ತಾರೆ. ನಾವು ಲೇತಿಗೆ ಏರಿಸಿ ಕಡೆದರೆ ಮುಗಿಯಿತು. ಈ ಕೆಲಸ ಮಾಡಿದವರಿಗೆ ಇಂಥದ್ದರ ಮೇಲೆ ಆಸೆ ಏಕೆ ಹುಟ್ಟುತ್ತದೆ ಎಂದು ಹೇಳಬೇಕಾಗಿಲ್ಲ. ಒಂದು ಲೋಟಕ್ಕೆ ಏಳು ಬಳೆ, ಬಳೆಗೆ 12 ತುಂಡು, ಒಟ್ಟು 84 ತುಂಡು, ಕೋನಕ್ಕೆ ಕೊಯ್ದ 168 ತುದಿ. ಆರು ಲೋಟ ಎಂದರೆ ಅಂಥ ತುದಿಗಳು ಸಾವಿರ ದಾಟುತ್ತವೆ. ಕಡೆಯುವುದು ಒಂದು ಮಧ್ಯಾಹ್ನದ ಸುಖ. ಅದಕ್ಕೆ ಮುಂಚಿನ ಗರಗಸ, ಅಂಟು, ಕ್ಲಾಂಪ್, ಕಾಯುವುದು, ಮತ್ತೆ ಕಾಯುವುದು, ಇದೆಲ್ಲ ವಾರಗಟ್ಟಲೆಯ ತಪಸ್ಸು. ಗೆಳತಿಗೆ ಆರು ಲೋಟ ಮಾಡಿಕೊಡುತ್ತೇನೆಂದು ಮಾತು ಕೊಟ್ಟು ದಿನವನ್ನೂ ಹೇಳಿಬಿಟ್ಟಿದ್ದೆ. ಮಣಿಕಟ್ಟು ಬೇರೆ ನೋಯುತ್ತಿತ್ತು. ನನ್ನ ನೆಪಗಳು ಇಷ್ಟೇ. ಒಂದೆರಡು ಹೆಚ್ಚಿಗೆ ಇರಲಿ ಎಂದು ಎಂಟು ಬ್ಲ್ಯಾಂಕ್ ತರಿಸಿದೆ.

ಕೊಳ್ಳುವ ಮುನ್ನ ಏನೂ ಕೇಳಲಿಲ್ಲವೆಂದಲ್ಲ. ಕೇಳಿದ್ದೆ. ಪ್ರಶ್ನೆ, ಉತ್ತರ ಎಲ್ಲವೂ ಈಗಲೂ ಮೊಬೈಲಿನಲ್ಲಿವೆ.

"ಮರ ಸೀಸನ್ ಆಗಿದೆಯೇ?"

"ಸಂಪೂರ್ಣ ಆಗಿದೆ ಮೇಡಂ. ತೇವಾಂಶ ಶೇಕಡಾ 10ಕ್ಕಿಂತ ಕಡಿಮೆ."

"ಅಂಟು ನೀರಿಗೆ ತಡೆಯುತ್ತದೆಯೇ? ಇದು ಕುಡಿಯುವ ಲೋಟ."

"ವಾಟರ್‌ಪ್ರೂಫ್ ಅಂಟೇ ಹಾಕುವುದು ಮೇಡಂ. ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ."

ಹಾಗೆಯೇ ತೆಗೆದುಕೊಂಡೆ.

ಪೆಟ್ಟಿಗೆ ಬಿಚ್ಚಿದಾಗ ನಿಜಕ್ಕೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ತಿಳಿ ಬಣ್ಣದ ಮೇಪಲ್, ಕಡುಬಣ್ಣದ ವಾಲ್‌ನಟ್, ಒಂದು ಬಿಟ್ಟು ಒಂದು. ಪ್ರತಿ ಎರಡು ತುಂಡುಗಳ ನಡುವೆ ಒಂದು ಸಣ್ಣ ಕಪ್ಪು ಗೆರೆ. ಅದು ಕರಿಮರದ ತೆಳು ಪದರ ಎಂದು ವಿವರಣೆಯಲ್ಲಿ ಬರೆದಿದ್ದರು. ಆ ಗೆರೆಯ ಅಂದಕ್ಕೆ ನಾನು ಎಷ್ಟು ಮರುಳಾದೆನೆಂದರೆ ಪಕ್ಕದ ಮನೆಯವರನ್ನು ಕರೆದು ತೋರಿಸಿದೆ. "ನೋಡಿ, ಇಂಥ ಪದರ ಕೂರಿಸುವುದು ಎಲ್ಲರಿಗೂ ಬರುವುದಿಲ್ಲ" ಎಂದು ಪಾಠವನ್ನೂ ಮಾಡಿದೆ. ಕೈಗೆ ಸ್ವಲ್ಪ ತಣ್ಣಗೆ, ಸ್ವಲ್ಪ ಹೆಚ್ಚು ಭಾರ ಎನ್ನಿಸಿತ್ತು. ಹಸಿ ಉಳಿದ ಮರ ಕೈಗೆ ತಣ್ಣಗಿರುತ್ತದೆ ಎಂಬುದು ನನಗೆ ಗೊತ್ತು. ಗೊತ್ತಿದ್ದೂ ತೇವಾಂಶ ಮಾಪಕವನ್ನು ತೆಗೆಯಲಿಲ್ಲ. ಅದು ಮೂರು ಹೆಜ್ಜೆ ದೂರದ ಡ್ರಾಯರಿನಲ್ಲಿತ್ತು. ಮೂರೇ ಹೆಜ್ಜೆ!

ಮೊದಲನೆಯದನ್ನು ಲೇತಿನ ಹಿಡಿಕೆಯಾದ ಚಕ್‌ಗೆ ಕಚ್ಚಿಸಿ, ನಿಧಾನ ವೇಗದಲ್ಲಿ ಹೊರಮೈಯನ್ನು ದುಂಡಗೆ ಮಾಡತೊಡಗಿದೆ. ಎರಡು ಮೂರು ಮಿಲಿಮೀಟರ್ ಕಡೆದ ಮೇಲೆ ಲೇತ್ ನಿಲ್ಲಿಸಿ ನೋಡುತ್ತೇನೆ, ಕಪ್ಪು ಗೆರೆಗಳು ಮೊದಲಿಗಿಂತ ಸಣ್ಣಗಾಗಿವೆ. ಕೆಲವು ಕಡೆ ಮಾಯವೇ ಆಗಿವೆ. ಮರದ ಪದರವಾದರೆ ಹೊರಗೂ ಒಳಗೂ ಒಂದೇ ದಪ್ಪ ಇರಬೇಕು. ಹೊರಗೆ ದಪ್ಪ, ಒಳಗೆ ತೆಳು ಆಗುವುದು ಹೇಗೆ? ಸೂಜಿಯ ಮೊನೆಯಿಂದ ಕೆದಕಿದೆ. ಕರಿಮರ ಪುಡಿಪುಡಿಯಾಗಿ ಅಂಗೈಗೆ ಉದುರಿತು.

ಅದು ಕರಿಮರವೇ ಅಲ್ಲ. ಗರಗಸದ ಹೊಟ್ಟಿಗೆ ಕಪ್ಪು ಬಣ್ಣ ಬೆರೆಸಿ, ಅಂಟಿನಲ್ಲಿ ಕಲಸಿ ಸಂದಿಗೆ ಮೆತ್ತಿದ್ದರು. ನಾನು ಹೊಗಳಿದ್ದು, ಕರೆದು ತೋರಿಸಿದ್ದು, ಪಾಠ ಮಾಡಿದ್ದು, ಎಲ್ಲವೂ ಸಂದಿಗೆ ಮೆತ್ತಿದ ಹೊಟ್ಟಿನ ಬಗ್ಗೆ.

ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಲೆಕ್ಕ ಸರಳವಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. 12 ತುಂಡಿನ ಬಳೆಯಲ್ಲಿ ಪ್ರತಿ ತುದಿಯನ್ನು 15 ಡಿಗ್ರಿ ಕೋನಕ್ಕೆ ಕೊಯ್ಯಬೇಕು. ಗರಗಸ 0.1 ಡಿಗ್ರಿ ಕಡಿಮೆ ಕೂತಿತು ಎನ್ನಿ. ಒಂದು ತುಂಡಿನಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ. ಆದರೆ 24 ತುದಿಗಳ ತಪ್ಪು ಸೇರಿ 2.4 ಡಿಗ್ರಿ ಆಗುತ್ತದೆ. ತುಂಡುಗಳು ಒಳಗಡೆ ತಾಕಿಕೊಂಡು ಹೊರಗಡೆ ಬಾಯಿ ಬಿಡುತ್ತವೆ. ಇದು ಎಲ್ಲರಿಗೂ ಆಗುವ ತಪ್ಪು, ನನಗೂ ಆಗುತ್ತದೆ. ಅದಕ್ಕೇ ನಾವು ಬಳೆಯನ್ನು ಎರಡು ಅರ್ಧಗಳಾಗಿ ಅಂಟಿಸಿ, ಅರ್ಧಗಳ ತುದಿಗಳನ್ನು ಚಪ್ಪಟೆ ಹಲಗೆಗೆ ಹಚ್ಚಿದ ಸ್ಯಾಂಡ್‌ಪೇಪರಿನ ಮೇಲೆ ಉಜ್ಜಿ, ಆಮೇಲೆ ಕೂಡಿಸುತ್ತೇವೆ. ಹತ್ತು ನಿಮಿಷದ ಕೆಲಸ. ಈ ಮಹಾಶಯ ಆ ಹತ್ತು ನಿಮಿಷವನ್ನು ಉಳಿಸಿ, ಸಂದಿಯಲ್ಲಿ ಹೊಟ್ಟು ತುಂಬಿ, ಅದಕ್ಕೆ ಕರಿಮರ ಎಂದು ಹೆಸರಿಟ್ಟು, ಅದಕ್ಕೂ ಬೆಲೆ ಕಟ್ಟಿದ್ದ.

ಚಿತ್ರ ತೆಗೆದು ಕಳುಹಿಸಿ ಕೇಳಿದೆ. ಉತ್ತರ ಹೀಗಿತ್ತು: "ಅದು ಕರಿಮರದ ಪುಡಿ ಮೇಡಂ. ಪುಡಿಯಾದರೂ ಅದು ಮರವೇ ಅಲ್ಲವೇ?"

ಈ ವಾಕ್ಯವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಪುಡಿಯಾದರೂ ಮರವೇ ಅಲ್ಲವೇ!

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಗೆಳತಿಗೆ ಹೇಳಿದ ದಿನ ಹತ್ತಿರ ಬಂದಿತ್ತು. ಒಳಗಿನ ಮರ ಗಟ್ಟಿಯಾಗಿರಬಹುದು, ಹೊಟ್ಟು ತುಂಬಿದ ಭಾಗವೆಲ್ಲ ಕಡೆದು ಹೋಗಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾರಿದವನು ಒಂದು ಸಲ ಮೋಸ ಮಾಡಿದ. ಎರಡನೆಯ ಸಲ ಮಾಡಿದ್ದು ನಾನೇ.

ಮೂರನೆಯ ಬ್ಲ್ಯಾಂಕಿನ ಒಳಭಾಗ ತೋಡುತ್ತಿದ್ದಾಗ ಮೇಲಿನಿಂದ ಎರಡನೆಯ ಬಳೆ ಒಡೆದು ಹಾರಿತು. ಬಾಯಿಯ ಬಳೆಯೂ ಅದರ ಜೊತೆಗೇ ಹೋಯಿತು. ಒಂದು ತುಂಡು ಮುಖದ ಕವಚಕ್ಕೆ ಬಡಿಯಿತು, ಕವಚದ ಮೇಲೆ ಆ ಗೀರು ಈಗಲೂ ಇದೆ. ಕವಚ ಹಾಕಿಕೊಂಡಿರದಿದ್ದರೆ ಈ ಬರಹದ ದನಿಯೇ ಬೇರೆ ಇರುತ್ತಿತ್ತು. ಕೈ ನಡುಗುವುದು ನಿಂತ ಮೇಲೆ ತುಂಡುಗಳನ್ನು ಆರಿಸಿ ಬೆಳಕಿಗೆ ಹಿಡಿದೆ. ಗಟ್ಟಿ ಅಂಟಿನ ಜೋಡಣೆ ಒಡೆದರೆ ಮರದ ನಾರು ಕಿತ್ತು ಬರುತ್ತದೆ. ಇಲ್ಲಿ ಒಂದು ಎಳೆಯೂ ಕಿತ್ತಿರಲಿಲ್ಲ. ಒಂದು ಕಡೆ ಅಂಟು ಗಾಜಿನಂತೆ ನುಣ್ಣಗೆ ಕೂತಿತ್ತು, ಇನ್ನೊಂದು ಕಡೆ ಬರಿಯ ಮರ. ಬಳೆಯ ತುಂಡುಗಳು ಸೇರುವುದು ಅಡ್ಡ ಕೊಯ್ದ ತುದಿಗಳಲ್ಲಿ. ಆ ತುದಿ ಅಂಟನ್ನು ಹೀರಿಕೊಂಡುಬಿಡುತ್ತದೆ. ಅದಕ್ಕೇ ಮೊದಲು ಒಂದು ತೆಳು ಕೈ ಅಂಟು ಹಚ್ಚಿ, ಅದು ಹೀರಿದ ಮೇಲೆ ಇನ್ನೊಂದು ಕೈ ಹಚ್ಚಿ ಕೂಡಿಸಬೇಕು. ಇಲ್ಲಿ ಅಂಟು ಒಣಗತೊಡಗಿದ ಮೇಲೆ ತುಂಡುಗಳನ್ನು ಒತ್ತಿಟ್ಟಂತಿತ್ತು.

ಇದಕ್ಕೆ ಬಂದ ಉತ್ತರವನ್ನು ಇದ್ದದ್ದು ಇದ್ದಂತೆ ಕೊಡುತ್ತೇನೆ: "ವೇಗ ಎಷ್ಟು ಇಟ್ಟಿದ್ದಿರಿ ಮೇಡಂ? ಲೇತ್ ಯಾರು ಹಿಡಿದಿದ್ದರು? ಮನೆಯಲ್ಲಿ ಗಂಡಸರು ಯಾರಾದರೂ ಇದ್ದರೆ ಒಮ್ಮೆ ಅವರ ಕೈಯಲ್ಲಿ ಮಾಡಿಸಿ ನೋಡಿ."

ಅಂಟು ಹಿಡಿಯದ ಬಳೆಗೆ ಗಂಡಸಿನ ಕೈ ಮದ್ದು ಎಂದು ನನಗೆ ಈವರೆಗೆ ತಿಳಿದಿರಲಿಲ್ಲ.

ಉಳಿದವುಗಳಲ್ಲಿ ಆರು ಲೋಟ ಹೇಗೋ ಮುಗಿಸಿದೆ. ನಿಧಾನವಾಗಿ, ಉಳಿಗೆ ಮತ್ತೆ ಮತ್ತೆ ಸಾಣೆ ಕೊಟ್ಟು, ಬಳೆ ಹಾರಬಹುದಾದ ದಿಕ್ಕಿನಿಂದ ಸರಿದು ನಿಂತು. ಮರಕ್ಕೆ ನೀರು ಇಳಿಯದಂತೆ ಒಳಗೆ ಎರಡು ಸುತ್ತು ಎಪಾಕ್ಸಿ ರಾಳದ ಲೇಪ ಕೊಟ್ಟು, ಅದು ಪೂರ್ತಿ ಗಟ್ಟಿಯಾಗುವವರೆಗೆ ಕಾದೆ. ನೋಡಲು ಚೆನ್ನಾಗಿದ್ದವು. ನೋಡಲು ಮಾತ್ರ. ಗೆಳತಿಗೆ ಕೊಟ್ಟು ಬಂದೆ.

ಮೂರನೆಯ ದಿನ ಅವಳ ಕರೆ ಬಂತು. "ನಿನ್ನ ಲೋಟ ಅಳುತ್ತಿದೆ ಕಣೇ" ಎಂದಳು. ನಗುತ್ತಲೇ ಹೇಳಿದಳು, ಆದರೆ ಅವಳ ಮನೆಯಲ್ಲಿ ಆಗ ನಾಲ್ಕು ಜನ ನೆಂಟರು ಕುಳಿತಿದ್ದರಂತೆ. ಬಿಸಿ ಪಾನೀಯ ಹಾಕಿದ ಸ್ವಲ್ಪ ಹೊತ್ತಿಗೆ ತಳದ ಬಳೆ ಟಪ್ಪೆಂದು ಸೀಳಿ ಮೇಜಿನ ಮೇಲೆಲ್ಲ ಹರಿದಿದೆ. ಮಾರನೆಯ ದಿನ ಇನ್ನೊಂದು. ಆ ವಾರ ಮುಗಿಯುವಷ್ಟರಲ್ಲಿ ಆರರಲ್ಲಿ ನಾಲ್ಕು.

ವಾಪಸ್ ತಂದು ಒಂದನ್ನು ಉದ್ದಕ್ಕೆ ಕೊಯ್ದೆ. ತಳದಲ್ಲಿ ಒಂದೇ ಹಲಗೆಯ ದುಂಡು ಬಿಲ್ಲೆ. ಅದನ್ನು ಬಳೆಯೊಳಗೆ ಬಿಗಿಯಾಗಿ ತುರುಕಿ, ಸುತ್ತಲೂ ಅಂಟು ಹಾಕಿ ಕೂರಿಸಿದ್ದರು. ಮರ ತನ್ನ ನಾರಿನ ಎಳೆಯ ಉದ್ದಕ್ಕೆ ಹಿಗ್ಗುವುದು, ಕುಗ್ಗುವುದು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಎಳೆಗೆ ಅಡ್ಡಲಾಗಿ ಮಾತ್ರ ಚೆನ್ನಾಗಿ ಹಿಗ್ಗುತ್ತದೆ. ಬಳೆಯಲ್ಲಿ ಎಳೆ ಸುತ್ತಲೂ ಓಡುತ್ತದೆ, ಹಾಗಾಗಿ ಬಳೆಯ ಸುತ್ತಳತೆ ಬದಲಾಗುವುದಿಲ್ಲ. ಒಳಗಿನ ಬಿಲ್ಲೆ ನೀರು ಕುಡಿದು ಒಂದು ದಿಕ್ಕಿನಲ್ಲಿ ಉಬ್ಬುತ್ತದೆ. ತೇವಾಂಶ ನಾಲ್ಕು ಶೇಕಡಾ ಏರಿದರೂ 70 ಮಿಲಿಮೀಟರಿನ ಬಿಲ್ಲೆ ಮುಕ್ಕಾಲು ಮಿಲಿಮೀಟರ್ ಹತ್ತಿರ ಹಿಗ್ಗಬಹುದು. ಬಳೆ ಎಲ್ಲಿಗೆ ಹೋಗಬೇಕು? ಸೀಳಲೇಬೇಕು. ಹಸಿ ಮರ ಒಣಗುತ್ತ ಮೊದಲೇ ಕದಲಿದ್ದರಿಂದ ಸಂದಿನ ಮೇಲಿನ ನನ್ನ ಎಪಾಕ್ಸಿ ಲೇಪ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ನೀರಿಗೆ ಅಷ್ಟು ದಾರಿ ಸಾಕಾಯಿತು. ಲೇತಿಗೆ ಏರಿಸುವ ಮೊದಲೇ ತಳವನ್ನು ತಿರುಗಿಸಿ ನೋಡಿದ್ದರೆ ನನಗೆ ಗೊತ್ತಾಗುತ್ತಿತ್ತು. ನೋಡಿರಲಿಲ್ಲ.

ಒಡೆದ ಬಳೆಯ ಒಂದು ಜೋಡಿ ತುಂಡನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿದೆ. ಬೆಳಿಗ್ಗೆ ಅಂಟು ಹಾಲಿನಂತೆ ಬೆಳ್ಳಗಾಗಿ ಉಗುರಿಗೆ ಬಂತು. ವಾಟರ್‌ಪ್ರೂಫ್! ಉಳಿದ ಒಂದು ಬ್ಲ್ಯಾಂಕನ್ನು ತೂಗಿ ಕಪಾಟಿನಲ್ಲಿಟ್ಟೆ. ಆ ದಿನ 412 ಗ್ರಾಂ. ಮೂರು ವಾರದ ನಂತರ 381 ಗ್ರಾಂ. ಕೈಗೆ ಬಂದ ಮೇಲೂ ವಾರಗಟ್ಟಲೆ ಕಪಾಟಿನಲ್ಲಿದ್ದು ಮತ್ತೆ 31 ಗ್ರಾಂ ನೀರು ಬಿಟ್ಟಿದೆ. ಶೇಕಡಾ 10ಕ್ಕಿಂತ ಕಡಿಮೆ ಎಂದಿದ್ದ ಮರ ಇದು.

ಎಲ್ಲವನ್ನೂ ಚಿತ್ರ ಸಮೇತ ಕಳುಹಿಸಿ ಹಣ ವಾಪಸ್ ಕೇಳಿದೆ. ಎರಡು ದಿನ ಮೌನ. ಆಮೇಲೆ ಒಂದರ ಹಿಂದೆ ಒಂದು ಬಂದವು.

"ಬೇರೆ ಯಾರೂ ಈವರೆಗೆ ದೂರು ಹೇಳಿಲ್ಲ ಮೇಡಂ."

"ಮರ ಎಂದರೆ ಪ್ರಕೃತಿ. ಪ್ರಕೃತಿಗೆ ಗ್ಯಾರಂಟಿ ಕೊಡಲು ಆಗುತ್ತದೆಯೇ?"

"ಒದ್ದೆಯಾದರೆ ತಡೆಯುತ್ತದೆ ಎಂದೆವು. ತುಂಬಿಸಿಟ್ಟರೆ ತಡೆಯುತ್ತದೆ ಎಂದೆವೇ?"

ಅಂಟು ಯಾವ ದರ್ಜೆಯದು ಎಂದು ಕೇಳಿದೆ. ಯುರೋಪಿನ ಇಎನ್ 204 ಮಾನದಂಡದಲ್ಲಿ ಡಿ1ರಿಂದ ಡಿ4ರ ವರೆಗೆ ದರ್ಜೆಗಳಿವೆ. ಡಿ1 ಒಣ ಜಾಗಕ್ಕೆ ಮಾತ್ರ, ಡಿ4 ನೀರನ್ನು ಹೆಚ್ಚು ತಾಳುವಂಥದ್ದು. ಡಬ್ಬದ ಮೇಲೆ ಏನು ಬರೆದಿದೆ ಎಂದಷ್ಟೇ ನನ್ನ ಪ್ರಶ್ನೆ. ಉತ್ತರ: "ನಾವು ಡಬ್ಬ ಇಟ್ಟುಕೊಳ್ಳುವುದಿಲ್ಲ ಮೇಡಂ, ಖಾಲಿಯಾದ ಮೇಲೆ ಎಸೆಯುತ್ತೇವೆ."

ಕೊನೆಗೆ ಬ್ರಹ್ಮಾಸ್ತ್ರ: "ಇವು ಅಲಂಕಾರಕ್ಕೆ ಮಾತ್ರ. ಕುಡಿಯಲು ಎಂದು ಎಲ್ಲಿ ಬರೆದಿದ್ದೇವೆ, ತೋರಿಸಿ." ತೋರಿಸೋಣವೆಂದು ಅವರ ಮಾರಾಟದ ಪುಟ ತೆರೆದೆ. ಮೊನ್ನೆ "ಕುಡಿಯುವ ಲೋಟದ ಬ್ಲ್ಯಾಂಕ್" ಎಂದಿದ್ದ ಕಡೆ ಈಗ "ಲೋಟದ ಆಕಾರದ ಅಲಂಕಾರಿಕ ಬ್ಲ್ಯಾಂಕ್" ಎಂದಿತ್ತು. ಹಳೆಯ ಪುಟದ ಚಿತ್ರ ತೆಗೆದಿಟ್ಟುಕೊಂಡಿರಲಿಲ್ಲ. ನನ್ನ ಹತ್ತಿರ ಉಳಿದಿರುವುದು ಮೊಬೈಲಿನ ಮಾತುಕತೆ ಮಾತ್ರ. ಅದನ್ನು ತೋರಿಸಿದರೆ, "ಅದು ಆಗ ಬೇರೆ ಹುಡುಗ ಉತ್ತರಿಸಿದ್ದು" ಎಂದರು. ಹಣ ಬಂದಿಲ್ಲ. ಬರುವುದೂ ಇಲ್ಲ.

ಆದ್ದರಿಂದ, ನನ್ನ ಮಾತು ಕೇಳುವುದಾದರೆ ಇಂಥದ್ದನ್ನು ಕೊಳ್ಳಲೇಬೇಡಿ. ಅಂಟಿಸಿಯಾದ ಮೇಲೆ ಒಳಗೆ ಏನಿದೆ ಎಂದು ದೇವರಿಗೂ ಕಾಣುವುದಿಲ್ಲ. ಕೊಂಡೇ ತೀರಬೇಕೆಂದಿದ್ದರೆ ಒಂದನ್ನು ಮಾತ್ರ ತರಿಸಿ, ತೂಗಿ, ವಾರ ಬಿಟ್ಟು ಮತ್ತೆ ತೂಗಿ. ಬಳೆಯ ಒಂದು ತುಂಡನ್ನು ಕೊಯ್ದು ನೀರಲ್ಲಿ ಹಾಕಿ. ತಳ ತಿರುಗಿಸಿ ನೋಡಿ. ಸಂದುಗಳ ನಡುವೆ ಅಂದದ ಗೆರೆ ಕಂಡರೆ ಮೊದಲು ಸೂಜಿ ತೆಗೆದುಕೊಳ್ಳಿ, ಆಮೇಲೆ ಪಕ್ಕದ ಮನೆಯವರನ್ನು ಕರೆಯಿರಿ. ಮಾತುಕತೆಯ ಜೊತೆಗೆ ಪುಟದ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ಮುಖದ ಕವಚ ಹಾಕಿಕೊಳ್ಳಿ ಎಂದು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಇನ್ನೊಂದು ವಿಷಯ. ಸೀಳು ತೋರಿಸಲು ಮೂರು ಚಿತ್ರ ಕಳುಹಿಸಿದ್ದೆ. ಅದರಲ್ಲಿ ಒಂದು ಎದುರಿನಿಂದ ತೆಗೆದದ್ದು, ಸೀಳು ಹಿಂದೆ ಇರುವುದರಿಂದ ಅದರಲ್ಲಿ ಕಾಣುವುದಿಲ್ಲ. ಮೊನ್ನೆ ಅವರ ಪುಟ ತೆರೆದರೆ ಮೊದಲ ಚಿತ್ರವೇ ಅದು: ನನ್ನ ಮೇಜು, ನನ್ನ ಕಿಟಕಿ, ನನ್ನ ಸೋರುವ ಲೋಟ. ಕೆಳಗೆ "ನಮ್ಮ ಗ್ರಾಹಕರು ತಯಾರಿಸಿದ್ದು" ಎಂದು ಬರೆದಿದ್ದಾರೆ. ತೆಗೆಯಿರಿ ಎಂದು ಸಂದೇಶ ಕಳುಹಿಸಿದೆ. ಈ ಸಲ ಐದೇ ನಿಮಿಷದಲ್ಲಿ ಉತ್ತರ ಬಂತು: "ಕೆಲಸ ತುಂಬಾ ಚೆನ್ನಾಗಿ ಬಂದಿದೆ ಮೇಡಂ, ಅದಕ್ಕೇ ಹಾಕಿದ್ದೇವೆ." ನೀಲಿ ಅಂಚಿನ ಮೇಜಿನ ಮೇಲೆ, ಕಿಟಕಿಯ ಪಕ್ಕ ಇಟ್ಟ ಲೋಟದ ಚಿತ್ರ ನಿಮಗೆಲ್ಲಾದರೂ ಕಂಡರೆ, ಅದರ ಹಿಂಬದಿಯಲ್ಲಿ ತಳದಿಂದ ಮೇಲಕ್ಕೆ ಎರಡು ಬೆರಳುದ್ದ ಸೀಳಿದೆ.